ಆಮ್ಲಜನಕ: ಹೆಸರು ತಪ್ಪಿದರೂ ಪದ ಉಳಿಯಿತು

ಹೊಸ ಪದವೆಂದರೆ ಯಾರೋ ಕೂತು ಶೂನ್ಯದಿಂದ ಹುಟ್ಟಿಸಿದ್ದು ಎಂದು ಅನೇಕರು ಭಾವಿಸುತ್ತಾರೆ. ಅಂಥ ಪದಗಳು ತೀರಾ ವಿರಳ. 17ನೇ ಶತಮಾನದ ರಸಾಯನ ವಿಜ್ಞಾನಿ ವಾನ್ ಹೆಲ್ಮಾಂಟ್ ಬಳಕೆಗೆ ತಂದ 'ಗ್ಯಾಸ್' ಅಪ್ಪಟ ಹೊಸದರಂತೆ ಕಾಣುತ್ತದೆ. ಕೆದಕಿದರೆ ಒಳಗಿರುವುದು ಗ್ರೀಕರ 'ಕೇಯಾಸ್', ಅಂದರೆ ಆಕಾರವಿಲ್ಲದ ಗೊಂದಲ. 'ರೋಬೋಟ್' ಕೂಡ ಅಷ್ಟೆ. ಕಾರೆಲ್ ಚಾಪೆಕ್‌ನ 1920ರ ನಾಟಕಕ್ಕಾಗಿ ಅವನ ಅಣ್ಣ ಯೋಸೆಫ್ ಸೂಚಿಸಿದ ಈ ಪದದ ಬೇರು ಚೆಕ್ ಭಾಷೆಯ 'ರೊಬೊಟಾ', ಅಂದರೆ ಬಿಟ್ಟಿ ಚಾಕರಿ.

ನನಗೆ ಹೆಚ್ಚು ಸ್ವಾರಸ್ಯ ಎನಿಸುವುದು ಆಮ್ಲಜನಕದ ಚರಿತ್ರೆ. ಎಲ್ಲ ಆಮ್ಲಗಳ ಹುಳಿಗೂ ಈ ಅನಿಲವೇ ಕಾರಣ ಎಂದು ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ನಂಬಿದ್ದ. ಅದಕ್ಕೇ 1777ರಲ್ಲಿ ಗ್ರೀಕ್‌ನ ಎರಡು ತುಂಡುಗಳನ್ನು ಬೆಸೆದು 'ಹುಳಿ ಹುಟ್ಟಿಸುವಂಥದ್ದು' ಎಂಬರ್ಥದ 'ಆಕ್ಸಿಜನ್' ಹೆಸರು ಕಟ್ಟಿದ. 1810ರ ಹೊತ್ತಿಗೆ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ತೋರಿಸಿಕೊಟ್ಟ. ಸಿದ್ಧಾಂತ ಬಿದ್ದುಹೋಯಿತು, ಹೆಸರು ಅಲುಗಲಿಲ್ಲ. ಜರ್ಮನರು ಅಷ್ಟರಲ್ಲಾಗಲೇ ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡಿದ್ದರು. ನಾವೂ ತಪ್ಪಿನ ಸಮೇತ 'ಆಮ್ಲಜನಕ' ಎಂದೆವು. ಪದವನ್ನು ಬಿಡಿಸಿ ನೋಡುವ ಪುರುಸೊತ್ತು ಯಾರಿಗಿದೆ?

ಎರವಲು ಇನ್ನೊಂದು ದಾರಿ. ಚಾವಿ ಪೋರ್ಚುಗೀಸರಿಂದ ಬಂತು. ಜಮೀನು, ದಸ್ತಾವೇಜು ಪಾರಸಿಯಿಂದ. ಬಂದ ಪದ ಬಂದ ಹಾಗೆಯೇ ಇರುವುದಿಲ್ಲ ಎಂಬುದು ಮುಖ್ಯ. 'ಬಸ್'ಗೆ ಉಕಾರ ಅಂಟಿ 'ಬಸ್ಸು' ಆಯಿತು, ಆಮೇಲೆ ಬಸ್ಸಿನಲ್ಲಿ, ಬಸ್ಸಿಗೆ ಎಂದು ವಿಭಕ್ತಿಗಳೂ ಸೇರಿದವು. ಕ್ರಿಯಾಪದ ಬೇಕಾದರೆ 'ಇಸು' ಸಿದ್ಧವಿದೆ. ಹಳಗನ್ನಡದ ಕಾಲದಿಂದಲೂ ಸಂಸ್ಕೃತದ ಪದಗಳನ್ನು ಭಾವಿಸು, ಚಿಂತಿಸು ಎಂದು ಪಳಗಿಸಿದ ಅದೇ ಪ್ರತ್ಯಯ ಈಗ ಕ್ಲಿಕ್ಕಿಸು, ಗೂಗಲಿಸು ಎನ್ನುತ್ತಿದೆ. ಇದನ್ನು ಭಾಷೆ ಕೆಡುತ್ತಿರುವ ಲಕ್ಷಣ ಎನ್ನುವವರು ಆ 'ಇಸು'ವಿನ ವಯಸ್ಸನ್ನು ಮರೆತಿದ್ದಾರೆ.

ಉದ್ದೇಶಪಟ್ಟು ಕಟ್ಟಿದ ಪದಗಳ ಹಣೆಬರಹ ಹೇಳಲಾಗದು. 'ಗಣಕಯಂತ್ರ' ಪಠ್ಯಪುಸ್ತಕ, ಕಡತಗಳಾಚೆ ಹೆಚ್ಚು ಓಡಾಡಲಿಲ್ಲ. ಮಾತಿನಲ್ಲಿ ಕಂಪ್ಯೂಟರೇ ಗೆದ್ದಿತು. 'ಜಾಲತಾಣ' ಮಾತ್ರ ಪತ್ರಿಕೆಗಳಲ್ಲಿ ಸಲೀಸಾಗಿ ನೆಲೆಸಿತು. ಹಳೆಯ ಪದಕ್ಕೆ ಹೊಸ ಕೆಲಸ ಹಚ್ಚಿದ ಉದಾಹರಣೆ 'ಆಕಾಶವಾಣಿ'. ಪುರಾಣಗಳಲ್ಲಿ ಅದು ಅಶರೀರವಾಣಿ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ತೆರೆದ ಖಾಸಗಿ ಕೇಂದ್ರಕ್ಕೆ ಆ ಹೆಸರಿಟ್ಟರು; ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯೇ ಅದನ್ನು ತನ್ನದಾಗಿಸಿಕೊಂಡಿತು. ಕೇಂದ್ರ ಆಕಾಶವಾಣಿಯಾಯಿತು, ಪ್ರಸಾರಕ್ಕೆ ಬಾನುಲಿ ಎಂಬ ಹೆಸರೂ ಬಂತು. ಮನೆಯೊಳಗಿನ ಪೆಟ್ಟಿಗೆಯನ್ನು ಮಾತ್ರ ಜನ ರೇಡಿಯೊ ಎಂದೇ ಕರೆದರು.