ನೆರೆಯವನನ್ನಲ್ಲ, ನೆರೆಯವನಿಗೆ

ಹೀಬ್ರೂ ಕಲಿಸಲು ಕೂತಾಗ ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ: ‘ಸರ್, ನೆರೆಯವನನ್ನು ಪ್ರೀತಿಸು ಅಂತ ಧರ್ಮಗ್ರಂಥ ಅಪ್ಪಣೆ ಕೊಟ್ಟರೆ ಪ್ರೀತಿ ಹುಟ್ಟುತ್ತಾ?’ ಹುಟ್ಟಲ್ಲ. ಆದರೆ ಅಲ್ಲಿ ಕೇಳಿರುವುದು ಅದನ್ನೇನಾ?

ಹೀಬ್ರೂ ಧರ್ಮಗ್ರಂಥದಲ್ಲಿ, ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆ ಅನ್ನುವುದರಲ್ಲಿ, ಪ್ರೀತಿಗೆ ಜಾಸ್ತಿ ಬಳಸುವ ಕ್ರಿಯಾಪದ ‘ಆಹವ್’. ಅದೇನೂ ಮಡಿಯುಟ್ಟ ಪದವಲ್ಲ. ಮುದುಕ ಇಸಾಕನಿಗೆ ಬೇಟೆ ಮಾಂಸದ ಅಡುಗೆ ಇಷ್ಟ. ಅಲ್ಲೂ ಇದೇ ಪದ. ರಾಹೇಲಳ ಮೇಲಿನ ಪ್ರೀತಿಗೆ ಅವನ ಮಗ ಯಾಕೋಬ ಏಳು ವರ್ಷ ದುಡಿದ, ಅದು ಅವನಿಗೆ ಕೆಲವೇ ದಿನದಂತೆ ಕಳೆಯಿತು; ಅಲ್ಲೂ ಇದೇ. ಅರಸ ದಾವೀದನ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳನ್ನು ಕೆಡಿಸಿ ಹೊರಗೆ ತಳ್ಳಿಸುವ ಕತೆಯೂ ‘ಪ್ರೀತಿಸಿದನು’ ಎಂದೇ ಶುರುವಾಗುತ್ತದೆ. ಹಾಗಾಗಿ ಬರೀ ಪದ ಹಿಡಿದು ‘ಇದು ದೈವಿಕ ಪ್ರೇಮ’ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಈಗ ಅದೇ ಗ್ರಂಥದ ಯಾಜಕಕಾಂಡ 19:18ಕ್ಕೆ ಬನ್ನಿ. ‘ವೆಆಹವ್ತಾ ಲೆರೆಅಖಾ ಕಾಮೋಖಾ.’ ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅಂತ ನಾವು ಓದುತ್ತೇವೆ, ಅಲ್ವಾ? ಮೂಲದಲ್ಲಿ ‘ಅನ್ನು’ ಇಲ್ಲ. ಇರುವುದು ‘ಲೆ’, ಅಂದರೆ ನಮ್ಮ ‘ಗೆ’. ನೆರೆಯವನಿಗೆ! ಈ ಕ್ರಿಯಾಪದದ ಜೊತೆ ‘ಲೆ’ ಬರುವುದು ತೀರಾ ಅಪರೂಪ. ತೂರ್ ಪಟ್ಟಣದ ಅರಸ ಹೀರಾಮ ದಾವೀದನಿಗೆ ‘ಪ್ರೀತಿಯವನು’ ಅಂತ ಗ್ರಂಥ ಹೇಳುವಾಗ ಬರುತ್ತದೆ. ಆ ಹೀರಾಮ ದಾವೀದನಿಗೆ ಕಳಿಸಿಕೊಟ್ಟಿದ್ದು ದೇವದಾರು ಮರ, ಬಡಗಿಗಳು, ಕಲ್ಲುಕುಟಿಗರು.

13ನೇ ಶತಮಾನದ ಸ್ಪೇನಿನ ಯಹೂದಿ ಪಂಡಿತ ನಹ್ಮಾನಿಡೀಸ್ ಈ ‘ಲೆ’ಯನ್ನು ಸುಮ್ನೆ ಬಿಡಲಿಲ್ಲ. ತನ್ನ ಜೀವದಷ್ಟೇ ಇನ್ನೊಬ್ಬನನ್ನು ಪ್ರೀತಿಸುವುದು ಮನುಷ್ಯನ ಮನಸ್ಸಿಗೆ ಆಗದ ಮಾತು. ನಿನಗೆ ಬಯಸುವ ಒಳ್ಳೆಯದನ್ನೆಲ್ಲ ಅವನಿಗೂ ಬಯಸು ಅನ್ನುವುದೇ ಇದರ ಅರ್ಥ ಅಂದರು. ಒಂದಕ್ಷರದ ಮೇಲೆ ಇಷ್ಟು ಭಾರ ಹೇರಬಾರದು ಅನ್ನುವವರೂ ಇದ್ದಾರೆ. ನನಗೆ ನಹ್ಮಾನಿಡೀಸ್ ಹೇಳಿದ್ದೇ ಸರಿ ಕಾಣುತ್ತದೆ. ಯಾಕೆ ಅಂದರೆ ಸುತ್ತಲಿನ ವಾಕ್ಯಗಳನ್ನು ನೋಡಿ. ಹೊಲದ ಮೂಲೆಯ ಪೈರನ್ನು ಬಡವರಿಗೆ ಬಿಡು. ಆಳಿನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕುರುಡನ ದಾರಿಗೆ ಕಲ್ಲು ಹಾಕಬೇಡ. ಹಾಗಂತ ಮನಸ್ಸಿಗೆ ಕೆಲಸವೇ ಇಲ್ಲ ಅಂತಲ್ಲ. ಒಳಗೊಳಗೇ ದ್ವೇಷ ಇಟ್ಟುಕೊಳ್ಳಬೇಡ ಅನ್ನುವ ಮಾತು ಹಿಂದಿನ ವಾಕ್ಯದಲ್ಲೇ ಇದೆ.

ಅದೇ ಅಧ್ಯಾಯದ 34ನೇ ವಾಕ್ಯದಲ್ಲಿ ಇದೇ ‘ಲೆ’ ಮತ್ತೆ ಬರುತ್ತದೆ. ಈ ಸಲ ಪರದೇಶದಿಂದ ಬಂದು ನಿಮ್ಮ ನಡುವೆ ನೆಲೆಸಿದವನಿಗೆ. ಕಾರಣ: ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನೀವೂ ಪರದೇಶಿಗಳಾಗಿದ್ದಿರಿ.

‘ಹಾಗಾದರೆ ದೇವರು ಪ್ರೀತಿಸುವುದು ಹೇಗೆ ಸರ್?’ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಆಗ ಧರ್ಮೋಪದೇಶಕಾಂಡ 10:18 ತೆಗೆಸುತ್ತೇನೆ. ದೇವರು ಪರದೇಶಿಯನ್ನು ಪ್ರೀತಿಸುತ್ತಾನೆ ಅಂತಿದೆ. ಅದೇ ಉಸಿರಿನಲ್ಲಿ ಮುಂದಿನ ಮಾತು: ಅವನಿಗೆ ರೊಟ್ಟಿ ಕೊಡುತ್ತಾನೆ, ಬಟ್ಟೆ ಕೊಡುತ್ತಾನೆ.