ಫಾರಂ ವ್ಯಾಲಿಡೇಷನ್: ಸರಿ ಮಾಡಿದರೂ ಹೋಗದ ಎರರ್

ಫಾರಂ ವ್ಯಾಲಿಡೇಷನ್ ಅಂದರೆ ತುಂಬಿದ್ದು ಸರಿಯಿದೆಯೇ ಎಂದು ತಪಾಸಣೆ ಮಾಡುವುದು. ಉದಾಹರಣೆಗೆ ಮಡಿಕೇರಿಯ ಯಾವುದೋ ಹೋಂಸ್ಟೇ ಬುಕಿಂಗ್ ಫಾರಂ ಇಟ್ಟುಕೊಳ್ಳೋಣ. ಹೆಸರು, ಪಿನ್‌ಕೋಡ್, ಚೆಕ್‌ಇನ್, ಚೆಕ್‌ಔಟ್. ರಿಕ್ವೈರ್ಡ್ (ಖಾಲಿ ಬಿಡುವಂತಿಲ್ಲ), ಪ್ಯಾಟರ್ನ್ (ಇಂಥದೇ ರೂಪದಲ್ಲಿರಬೇಕು) ಎಲ್ಲ ನಿಮಗೆ ಗೊತ್ತಿರುವುದೇ: ಪಿನ್‌ಕೋಡ್ 571201 ಪಾಸ್, 57120 ಫೇಲ್.

ತಪ್ಪಿರುವ ಬಾಕ್ಸ್‌ಗೆ ಕೆಂಪು ಬಾರ್ಡರ್ ಕೊಡಲು ಸಿಎಸ್‌ಎಸ್‌ನಲ್ಲಿ (ಪೇಜ್ ಹೇಗೆ ಕಾಣಬೇಕೆಂದು ಹೇಳುವ ಕೋಡ್) ಇನ್ವ್ಯಾಲಿಡ್ ಸೆಲೆಕ್ಟರ್ ಹಾಕಿದರೆ ಪೇಜ್ ತೆರೆದ ಕೂಡಲೇ ರಿಕ್ವೈರ್ಡ್ ಆದ ಖಾಲಿ ಬಾಕ್ಸ್‌ಗಳೆಲ್ಲ ಕೆಂಪಾಗುತ್ತವೆ. ಪಾಪ, ಫಾರಂ ತುಂಬುವವರು ಇನ್ನೂ ಕೀಬೋರ್ಡ್ ಮುಟ್ಟಿಲ್ಲ! ಅದರ ಬದಲು ಯೂಸರ್-ಇನ್ವ್ಯಾಲಿಡ್ ಬಳಸಿ. ತುಂಬಿ ಮುಂದೆ ಹೋದ ಮೇಲೆ ಮಾತ್ರ ಕೆಂಪಾಗುತ್ತದೆ. 2023ರ ಕೊನೆಯಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಇದೆ. ಬಣ್ಣ ಕಾಣದವರಿಗಾಗಿ ಬಾಕ್ಸ್ ಕೆಳಗೆ ತಪ್ಪೇನೆಂದು ಒಂದು ಸಾಲು ಬರೆದು, ಅದನ್ನು ಬಾಕ್ಸ್‌ಗೆ ಏರಿಯಾ-ಡಿಸ್ಕ್ರೈಬ್ಡ್‌ಬೈ ಎಂಬ ಆಟ್ರಿಬ್ಯೂಟ್‌ನಿಂದ ಜೋಡಿಸಿ.

ಇನ್ನು ತಲೆ ತಿನ್ನುವ ಭಾಗ. ಚೆಕ್‌ಇನ್ 12, ಚೆಕ್‌ಔಟ್ 10 ಎಂದು ಹಾಕಿದರು. ಸಬ್ಮಿಟ್ ಹ್ಯಾಂಡ್ಲರ್‌ನಲ್ಲಿ (ಫಾರಂ ಕಳಿಸುವಾಗ ಓಡುವ ನಮ್ಮ ಕೋಡ್) ಎರಡೂ ತಾರೀಖು ಹೋಲಿಸಿ, ಚೆಕ್‌ಔಟ್ ಮೇಲೆ ಸೆಟ್‌ಕಸ್ಟಮ್‌ವ್ಯಾಲಿಡಿಟಿ (ಬಾಕ್ಸ್‌ಗೆ ನಮ್ಮದೇ ಎರರ್ ಮೆಸೇಜ್ ಅಂಟಿಸುವ ಫಂಕ್ಷನ್) ಕರೆದು ಮೆಸೇಜ್ ಕೊಟ್ಟಿರಿ. ಅವರು 14 ಎಂದು ತಿದ್ದಿದರು. ಆದರೂ ಫಾರಂ ಹೋಗುವುದಿಲ್ಲ, ಎಷ್ಟು ಸಲ ಒತ್ತಿದರೂ ಅಷ್ಟೇ. ಯಾಕೆ? ನಾವು ಕೊಟ್ಟ ಮೆಸೇಜ್ ತಾನಾಗಿ ಅಳಿಯುವುದಿಲ್ಲ. ವ್ಯಾಲ್ಯೂ ಬದಲಾದರೂ ಮೆಸೇಜ್ ಅಲ್ಲೇ ಕೂತಿರುತ್ತದೆ. ಮೆಸೇಜ್ ಇರುವ ತನಕ ಬ್ರೌಸರ್ ಲೆಕ್ಕದಲ್ಲಿ ಆ ಬಾಕ್ಸ್ ತಪ್ಪೇ. ಹಾಗಾದರೆ ಸಬ್ಮಿಟ್ ಹ್ಯಾಂಡ್ಲರ್‌ನ ಮೊದಲ ಸಾಲಲ್ಲೇ ಅಳಿಸಿದರಾಯಿತಲ್ಲ? ಆಗುವುದಿಲ್ಲ. ಫಾರಂಗೆ ನೋವ್ಯಾಲಿಡೇಟ್ (ಬ್ರೌಸರ್ ತಪಾಸಣೆ ಬೇಡ ಎನ್ನುವ ಸೂಚನೆ) ಹಾಕಿರದಿದ್ದರೆ ಬಟನ್ ಒತ್ತಿದಾಗ ಬ್ರೌಸರ್ ಮೊದಲು ತಾನು ತಪಾಸಣೆ ಮಾಡುತ್ತದೆ, ತಪ್ಪು ಕಂಡರೆ ಸಬ್ಮಿಟ್ ಈವೆಂಟನ್ನೇ ಹೊರಡಿಸುವುದಿಲ್ಲ. ಅಳಿಸುವ ಸಾಲು ಇರುವ ಜಾಗಕ್ಕೆ ಕೋಡ್ ತಲುಪುವುದೇ ಇಲ್ಲ. ಬರೀ ಕೆಂಪು ಬಣ್ಣದ ಸಿಎಸ್‌ಎಸ್ ತೆಗೆದುಹಾಕಿದರೆ ಇನ್ನೂ ಫಜೀತಿ: ಬಾಕ್ಸ್ ನೋಡಲು ಚೆನ್ನಾಗಿದೆ, ಫಾರಂ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ.

ಆದ್ದರಿಂದ ಹೋಲಿಸುವ ಕೆಲಸವನ್ನು ಇನ್‌ಪುಟ್ ಈವೆಂಟ್‌ಗೆ (ಬಾಕ್ಸ್‌ನ ವ್ಯಾಲ್ಯೂ ಬದಲಾದಾಗಲೆಲ್ಲ ಬರುವ ಸೂಚನೆ) ತನ್ನಿ. ಮೊದಲು ಸೆಟ್‌ಕಸ್ಟಮ್‌ವ್ಯಾಲಿಡಿಟಿಗೆ ಖಾಲಿ ಸ್ಟ್ರಿಂಗ್ ಕೊಟ್ಟು ಅಳಿಸಿ, ಆಮೇಲೆ ಹೋಲಿಸಿ, ಇನ್ನೂ ತಪ್ಪಿದ್ದರೆ ಮಾತ್ರ ಮೆಸೇಜ್ ಹಾಕಿ. ಖಾಲಿ ಸ್ಟ್ರಿಂಗ್ ಅಂದರೆ ನಡುವೆ ಏನೂ ಇಲ್ಲದ ಎರಡು ಕೋಟ್; ಒಂದು ಸ್ಪೇಸ್ ಬಿದ್ದರೂ ಅದು ಎರರೇ.

ಒಂದೇ ಫಂಕ್ಷನ್ ಬರೆದು ಎರಡೂ ತಾರೀಖುಗಳಿಗೆ ಕಟ್ಟಿ. ಎಷ್ಟೋ ಜನ ಚೆಕ್‌ಔಟ್ ಮುಟ್ಟದೆ ಚೆಕ್‌ಇನ್ ಅನ್ನೇ 9ಕ್ಕೆ ತಿದ್ದುತ್ತಾರೆ. ಆಗಲೂ ಎರರ್ ಹೋಗಬೇಕಾದದ್ದು ಚೆಕ್‌ಔಟ್ ಮೇಲಿಂದ.

ನನಗೆ ಇಷ್ಟವಾದ ಶಾರ್ಟ್‌ಕಟ್: ಹೋಲಿಸಲು ಜಾವಾಸ್ಕ್ರಿಪ್ಟ್‌ನ ಡೇಟ್ ಆಬ್ಜೆಕ್ಟ್ ಮಾಡುವ ಗೋಜೇ ಬೇಡ. ಡೇಟ್ ಇನ್‌ಪುಟ್‌ನ ವ್ಯಾಲ್ಯೂ ವರ್ಷ-ತಿಂಗಳು-ದಿನ ಕ್ರಮದಲ್ಲೇ ಬರುವುದರಿಂದ ಎರಡು ಸ್ಟ್ರಿಂಗ್‌ಗಳನ್ನು ನೇರವಾಗಿ ಹೋಲಿಸಬಹುದು. ಒಂದು ಖಾಲಿ ಇದ್ದರೆ ಹೋಲಿಸದೆ ಬಿಡಿ, ಅದನ್ನು ರಿಕ್ವೈರ್ಡ್ ನೋಡಿಕೊಳ್ಳುತ್ತದೆ.