ಲ್ಯಾಬ್ ಸೇರಲೋ, ಎಕ್ಸ್‌ರೇ ಸೇರಲೋ

ಪಿಯು ಫಲಿತಾಂಶ ಬಂದ ವಾರದಿಂದ ನಮ್ಮ ಎಕ್ಸ್‌ರೇ ವಿಭಾಗದ ಬಾಗಿಲಲ್ಲಿ ರೋಗಿಗಳ ಸಾಲಿನ ಪಕ್ಕ ಇನ್ನೊಂದು ಸಾಲು ಶುರುವಾಗುತ್ತದೆ. ನೀಟ್‌ನಲ್ಲಿ ರ್‍ಯಾಂಕ್ ಬಾರದವರು, ನರ್ಸಿಂಗ್ ಬೇಡ ಎಂದವರು, ಜೊತೆಗೆ ಅವರ ಅಪ್ಪಂದಿರು. ಕೇಳುವುದು ಒಂದೇ: ಎಂಎಲ್‌ಟಿ ತಗೊಳ್ಳೋದಾ, ಇಮೇಜಿಂಗ್ ತಗೊಳ್ಳೋದಾ? ಎಂಎಲ್‌ಟಿ ಅಂದರೆ ಲ್ಯಾಬಿನಲ್ಲಿ ರಕ್ತ ಮುಂತಾದವನ್ನು ಪರೀಕ್ಷಿಸುವ ಓದು, ಇಮೇಜಿಂಗ್ ಅಂದರೆ ಎಕ್ಸ್‌ರೇ, ಸಿಟಿ, ಎಂಆರ್‌ಐ ಚಿತ್ರ ತೆಗೆಯುವ ಓದು. ಹುಡುಗಿಯಾದರೆ ಪ್ರಶ್ನೆಗೆ ಒಂದು ಬಾಲವೂ ಇರುತ್ತದೆ. “ಸಾರ್, ಎಕ್ಸ್‌ರೇ ಕೆಲ್ಸ ಮಾಡಿದ್ರೆ ಮುಂದೆ ಮಕ್ಕಳಾಗಲ್ವಂತೆ, ಹೌದಾ?”

ಆ ಬಾಲದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ತೀರ್ಮಾನ ಅಲ್ಲೇ ಮುಗಿದುಹೋಗಿರುತ್ತದೆ. ವಿಕಿರಣದ ನಡುವೆ ದುಡಿಯುವವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಮಿತಿ ಹಾಕಿದೆ. ಮೈಗೆ ತಗಲುವ ವಿಕಿರಣವನ್ನು ಅಳೆಯುವುದು ಮಿಲಿಸೀವರ್ಟ್‌ನಲ್ಲಿ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ಏನೂ ಕೆಲಸ ಮಾಡದೆ ಮನೆಯಲ್ಲಿ ಕೂತವರಿಗೂ ಮಣ್ಣು, ಕಲ್ಲು, ಆಕಾಶದಿಂದ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ 2.4ರಷ್ಟು ಬಂದೇ ಬರುತ್ತದೆ. ಸೀಸದ ಗಾಜಿನ ಹಿಂದೆ ನಿಂತು ಸ್ವಿಚ್ ಒತ್ತುವ ಎಕ್ಸ್‌ರೇ, ಸಿಟಿ ಟೆಕ್ನಿಷಿಯನ್ನರ ಎದೆಯ ಮೇಲಿರುವ, ತಗಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಓದಿಸಿಕೊಂಡು ಬಂದಾಗ ಅದರಲ್ಲಿ ಕಾಣುವುದು ಸಾಮಾನ್ಯವಾಗಿ ಆ ಮಿತಿಯ ಸಣ್ಣದೊಂದು ಪಾಲು. ಅಷ್ಟಕ್ಕೆ ಮಕ್ಕಳಾಗದೆ ಹೋಗುವುದಿಲ್ಲ. ಹೃದಯದ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ನೋಡುತ್ತ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್ ಮತ್ತು ಆಪರೇಷನ್ ಥಿಯೇಟರಿನ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಬೇರೆ ಮಾತು. ಅಲ್ಲಿ ರೋಗಿಯ ಪಕ್ಕದಲ್ಲೇ ನಿಲ್ಲಬೇಕು. ಸೀಸದ ಏಪ್ರನ್ ಭಾರ ಅಂತ ಪಕ್ಕಕ್ಕಿಡುವವರಿಗೆ ಆ ಜಾಗ ಬೇಡ. ಹೆಣ್ಣುಮಕ್ಕಳು ಗರ್ಭಿಣಿ ಎಂದು ತಿಳಿಸಿದ ಮೇಲೆ ಹೆರಿಗೆಯ ತನಕ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹೊಂದಿಸಿಕೊಡಬೇಕು. ಎಂಆರ್‌ಐನಲ್ಲಂತೂ ಈ ಬಗೆಯ ವಿಕಿರಣವೇ ಇಲ್ಲ. ಅಲ್ಲಿನ ಭಯ ಬೇರೆ: ಯಾವಾಗಲೂ ಆನ್ ಇರುವ ಆಯಸ್ಕಾಂತ, ಮತ್ತು ಅದು ಗೊತ್ತಿಲ್ಲದೆ ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಒಳಗೆ ತಳ್ಳಿಕೊಂಡು ಬರುವ ವಾರ್ಡ್‌ಬಾಯ್.

ಇಷ್ಟೆಲ್ಲ ಕೇಳುವ ಅಪ್ಪ ಲ್ಯಾಬಿನ ಸೂಜಿಯ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಎಚ್‌ಐವಿ ಇರುವವರ ರಕ್ತ ಹತ್ತಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಟ್ಟು ಸಲೀಸಾಗಿ ಅಂಟುತ್ತದೆ. ಮೂರು ಡೋಸ್ ಲಸಿಕೆ ಮುಗಿಯದೆ ವಿದ್ಯಾರ್ಥಿಯನ್ನು ರಕ್ತ ತೆಗೆಯಲು ಕೂರಿಸಬಾರದು. ಕೂರಿಸುವ ಜಾಗಗಳನ್ನು ನಾನೇ ನೋಡಿದ್ದೇನೆ. ಹೆದರಿಕೆಯ ಲೆಕ್ಕದಲ್ಲಿ ಲ್ಯಾಬ್ ಗೆಲ್ಲುವುದಿಲ್ಲ. ಆ ಲೆಕ್ಕವನ್ನು ಪಕ್ಕಕ್ಕಿಡಿ.

ನಾನು ಎಕ್ಸ್‌ರೇ ಕಡೆಯವನು. ಆದರೆ ನಮ್ಮ ಕೋಣೆಯ ಎದುರಿಗೇ ಲ್ಯಾಬ್, ಊಟದ ಡಬ್ಬಿ ಬಿಚ್ಚುವುದು ಅವರ ಜೊತೆಗೇ. ಹಾಗಾಗಿ ಎರಡೂ ಕಡೆಯ ಬೈಗುಳ ಗೊತ್ತು. ಇಷ್ಟು ವರ್ಷ ನೋಡಿ ನನಗನ್ನಿಸಿದ್ದು, ಆರಿಸಿಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ತಪ್ಪು ಎಲ್ಲಿ ಅಡಗಿರುತ್ತದೋ ಅಲ್ಲಿ ಹುಡುಕುವ ಬುದ್ಧಿ ನಿನಗಿದೆಯಾ?

ಲ್ಯಾಬಿನಲ್ಲಿ ತಪ್ಪು ಅಡಗುತ್ತದೆ. ಬೆಳಿಗ್ಗೆ ವಾರ್ಡಿನಿಂದ ಬಂದ ಸ್ಯಾಂಪಲ್ ಅನಲೈಸರಿಗೆ ಹೋಗುತ್ತದೆ, ಪೊಟ್ಯಾಸಿಯಂ 9.6 ಎಂದು ಬರುತ್ತದೆ. ಅದು ನಿಜವಾದರೆ ರೋಗಿಯ ಹೃದಯ ಯಾವ ಕ್ಷಣದಲ್ಲೂ ನಿಲ್ಲಬಹುದು. ಹೊಸಬ ಗಾಬರಿಯಾಗಿ ಫೋನ್ ಎತ್ತುತ್ತಾನೆ. ಕೈ ಪಳಗಿದವರು ರಿಪೋರ್ಟಿನಲ್ಲಿ ಇನ್ನೊಂದು ಸಾಲು ನೋಡುತ್ತಾರೆ: ಕ್ಯಾಲ್ಸಿಯಂ ತೀರಾ ಕಡಿಮೆ, 3.1. ಇವೆರಡೂ ಒಟ್ಟಿಗೆ ಹೀಗೆ ಬಂದರೆ ಮೊದಲು ಅನುಮಾನಪಡಬೇಕಾದ್ದು ಟ್ಯೂಬನ್ನು. ಯಾರೋ ನೇರಳೆ ಮುಚ್ಚಳದ ಟ್ಯೂಬಿನಿಂದ ಕೆಂಪು ಮುಚ್ಚಳದ್ದಕ್ಕೆ ರಕ್ತ ಸುರಿದಿರುತ್ತಾರೆ. ನೇರಳೆಯಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪೊಟ್ಯಾಸಿಯಂ ಇಡಿಟಿಎ. ಅದು ತನ್ನ ಪೊಟ್ಯಾಸಿಯಂ ಅನ್ನು ಸ್ಯಾಂಪಲ್ಲಿಗೆ ಸೇರಿಸುತ್ತದೆ, ಅಲ್ಲಿದ್ದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ವಾರ್ಡಿಗೆ ಹೋಗಿ ನೋಡಿದರೆ ಆಸಾಮಿ ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿರುತ್ತಾನೆ.

ಇಂಥವು ದಿನಾ ಇರುತ್ತವೆ. ಡ್ರಿಪ್ ಹಾಕಿದ ಕೈಯಿಂದಲೇ ಎಳೆದ ರಕ್ತ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ಕಣ ಒಡೆದ ರಕ್ತ. ಶುಗರ್‌ಗೆ ತೆಗೆದದ್ದನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕದೆ ಮೇಜಿನ ಮೇಲೆ ಬಿಟ್ಟರೆ ರಕ್ತಕಣಗಳೇ ಸಕ್ಕರೆಯನ್ನು ಗಂಟೆಗೆ ಶೇ. 5ರಿಂದ 7ರಷ್ಟು ತಿಂದುಹಾಕುತ್ತವೆ. ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಕಾಯಿಲೆಯವರೂ ಗುಣವಾಗಿರುತ್ತಾರೆ! ಯಂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ. ಸುಳ್ಳು ಅಂಕೆಯೂ ನಿಜದ ಅಂಕೆಯಷ್ಟೇ ಅಚ್ಚುಕಟ್ಟಾಗಿ ಪ್ರಿಂಟ್ ಆಗುತ್ತದೆ. ಆದ್ದರಿಂದ ಲ್ಯಾಬಿಗೆ ಬೇಕಾದದ್ದು ಸಂಶಯದ ಸ್ವಭಾವ. ಬೆಳಿಗ್ಗೆ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್, ಓಡಿಸಿ, ಚಾರ್ಟಿನಲ್ಲಿ ಚುಕ್ಕೆ ಇಟ್ಟು, ಅದು ನಾಲ್ಕು ದಿನದಿಂದ ಒಂದೇ ಕಡೆ ಜಾರುತ್ತಿದೆಯಲ್ಲ ಎಂದು ಕಿರಿಕಿರಿಪಡುವವರು. ಗಾಜಿನ ಮೇಲೆ ತೆಳ್ಳಗೆ ಸವರಿದ ರಕ್ತಕ್ಕೆ ಲೀಶ್ಮನ್ ಸ್ಟೇನ್ ಎಂಬ ಬಣ್ಣ ಹಾಕಿ, ಮಲೇರಿಯಾ ಪರೋಪಜೀವಿಗಾಗಿ ಫೀಲ್ಡ್ ಮೇಲೆ ಫೀಲ್ಡ್ ಸರಿಸುತ್ತ ಬೇಸರವಿಲ್ಲದೆ ಕೂರಬಲ್ಲವರು. ರೋಗಿ ಇವರ ಮುಖ ನೋಡಿರುವುದಿಲ್ಲ, ಥ್ಯಾಂಕ್ಸ್ ಹೇಳುವುದೂ ಇಲ್ಲ.

ನಮ್ಮ ಕಡೆ ತಪ್ಪು ಪರದೆಯ ಮೇಲೆ ಕೂಡಲೇ ಕಾಣುತ್ತದೆ. ಉಸಿರು ಪೂರ್ತಿ ಎಳೆದುಕೊಂಡಿಲ್ಲ, ಭುಜದ ಮೂಳೆ ಶ್ವಾಸಕೋಶದ ಮೇಲೆ ಬಂದಿದೆ, ರವಿಕೆಯ ಪಿನ್ನು ಹಾಗೇ ಇದೆ. ಇನ್ನೊಂದು ತೆಗೆದರಾಯಿತು ಅನ್ನಬಹುದು, ಆದರೆ ಆ ಇನ್ನೊಂದರ ವಿಕಿರಣ ರೋಗಿಯ ಪಾಲಿಗೆ. ಮೊದಲ ಸಲಕ್ಕೇ ಸರಿ ಬರಬೇಕಾದರೆ ಬೇಕಾದದ್ದು ಯಂತ್ರಜ್ಞಾನಕ್ಕಿಂತ ಹೆಚ್ಚಾಗಿ ಮನುಷ್ಯರನ್ನು ಮಾತಾಡಿಸುವ ಕಲೆ. ತಾಳಿ ತೆಗೆಯಲು ಒಪ್ಪದ ಅಜ್ಜಿಗೆ “ತೆಗೀಬೇಡಿ ಅಮ್ಮ, ಮೇಲಕ್ಕೆ ಎತ್ತಿ ಹಿಡ್ಕೊಳ್ಳಿ ಸಾಕು” ಎನ್ನಬೇಕು. ಅತ್ತೆಯನ್ನು ಹೊರಗೆ ಕಳಿಸಿ ಸೊಸೆಯ ಹತ್ತಿರ ಮುಟ್ಟಾದ ದಿನಾಂಕ ಕೇಳಬೇಕು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮುದುಕರು ಸ್ಟ್ರೆಚರ್ ಮೇಲೆ ಬರುತ್ತಾರೆ. ನೇರ ಫೋಟೋ ಆಯಿತು, ಪಕ್ಕದ ಫೋಟೋಗೆ ಅವರನ್ನು ಹೊರಳಿಸುವಂತಿಲ್ಲ. ಆಗ ರೋಗಿಯನ್ನಲ್ಲ, ಕಿರಣ ಬಿಡುವ ಎಕ್ಸ್‌ರೇ ಟ್ಯೂಬನ್ನು ತಿರುಗಿಸಬೇಕು. ನೋವಿಲ್ಲದ ಕಾಲನ್ನು ಮಡಚಿ ಮೇಲೆತ್ತಿಸಿ, ಚಿತ್ರ ಮೂಡುವ ಕ್ಯಾಸೆಟ್ಟನ್ನು ಮುರಿದ ಕಡೆಯ ಸೊಂಟದ ಪಕ್ಕ ನಿಲ್ಲಿಸಿ, ಕಿರಣ ಅಡ್ಡಲಾಗಿ ಹಾಯುವಂತೆ ಮಾಡುವುದು. ಹಿಂದೆ ಹತ್ತು ಜನ ಬಾಗಿಲು ಬಡಿಯುತ್ತಿರುತ್ತಾರೆ. ಮೈ ಮುಟ್ಟಿ ಕೆಲಸ ಮಾಡಲು ಸಂಕೋಚಪಡುವವರು, ಜನರ ಗದ್ದಲಕ್ಕೆ ತಲೆ ಕೆಡಿಸಿಕೊಳ್ಳುವವರು ಇಲ್ಲಿ ಬಾಳುವುದಿಲ್ಲ. ಬೆನ್ನುನೋವಂತೂ ನಮ್ಮಲ್ಲಿ ಎಲ್ಲರಿಗೂ ಇದೆ.

ಇನ್ನೊಂದು ಭ್ರಮೆ ಬಿಡಿಸಿಬಿಡುತ್ತೇನೆ. ಇಮೇಜಿಂಗ್ ಓದಿದರೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸೆಂಟರ್ ಇಡಬಹುದು ಎಂದು ಬರುವವರಿದ್ದಾರೆ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆಯ ಪ್ರಕಾರ ಆ ಪ್ರೋಬ್ ಹಿಡಿಯುವುದು ಅರ್ಹ ವೈದ್ಯರ ಕೆಲಸ. ವಿದೇಶದಲ್ಲಿ ಸೋನೋಗ್ರಾಫರ್ ಎಂಬ ಹುದ್ದೆ ಇದೆ ಎಂದು ಇಲ್ಲಿ ಲೆಕ್ಕ ಹಾಕಬೇಡಿ.

ಕೆಲಸ ಎಲ್ಲಿ ಸಿಗುತ್ತದೆ? ರಕ್ತ ಬಸ್ಸು ಹತ್ತಿ ಹೋಗುತ್ತದೆ, ಸೊಂಟ ಮುರಿದವರು ಹೋಗಲಾರರು. ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರು. ಎಕ್ಸ್‌ರೇಗೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗೆ ಬರಬೇಕು. ಊರಲ್ಲೇ ಇರಬೇಕೆನ್ನುವವರಿಗೆ ಲ್ಯಾಬ್ ಒಳ್ಳೆಯದು ಎಂದು ಹಿಂದೆ ಕಣ್ಣು ಮುಚ್ಚಿ ಹೇಳುತ್ತಿದ್ದೆವು. ಈಗ ಖಾಸಗಿಯಲ್ಲಿ ದೊಡ್ಡ ಲ್ಯಾಬ್‌ಗಳು ತಾಲ್ಲೂಕಿನಲ್ಲಿ ಕಲೆಕ್ಷನ್ ಸೆಂಟರ್ ಇಟ್ಟು ಸ್ಯಾಂಪಲ್ಲನ್ನು ಬೆಂಗಳೂರಿಗೆ ಸಾಗಿಸುತ್ತವೆ. ಆ ಸೆಂಟರಿಗೆ ಸೇರಿದ ಹುಡುಗ ಕಲಿತದ್ದೆಲ್ಲ ಬಿಟ್ಟು ದಿನವಿಡೀ ರಕ್ತ ಎಳೆದು ಬಾರ್‌ಕೋಡ್ ಅಂಟಿಸುತ್ತಾನೆ. ಎಕ್ಸ್‌ರೇ, ಸಿಟಿಯಲ್ಲಿ ಚಿತ್ರವನ್ನು ಓದುವ ಡಾಕ್ಟರು ಇನ್ನೊಂದು ಊರಲ್ಲಿ ಕೂತಿರಬಹುದು, ಚಿತ್ರ ತೆಗೆಯುವವರು ರೋಗಿಯ ಹತ್ತಿರವೇ ಇರಬೇಕು. ಮೊದಲ ಸಂಬಳ ಎರಡೂ ಕಡೆ ಬೇಸರ ತರಿಸುವಷ್ಟೇ.

ರೇಡಿಯೋಥೆರಪಿ, ಅಂದರೆ ವಿಕಿರಣ ಚಿಕಿತ್ಸೆಯ ಟೆಕ್ನಾಲಜಿ ಕೇಳುವವರು ತೀರಾ ಕಡಿಮೆ, ನನಗೆ ಅದೇ ಬೇಸರ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಗಡ್ಡೆಗೆ ವಿಕಿರಣ ಕೊಡುವ ಲೀನಿಯರ್ ಆಕ್ಸಿಲರೇಟರ್ ಯಂತ್ರ ನಡೆಸುವವರು ಇವರು. ನಮ್ಮ ರೋಗಿ ಐದು ನಿಮಿಷದಲ್ಲಿ ಹೋಗಿಬಿಡುತ್ತಾನೆ, ಅವರ ರೋಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ಬರುತ್ತಾನೆ. ಬಾಯಿ ಕ್ಯಾನ್ಸರಿನವರ ಮುಖಕ್ಕೆ ಬಿಸಿನೀರಲ್ಲಿ ಮೆತ್ತಗಾದ ಜಾಲರಿಯನ್ನು ಎಳೆದು ಅಚ್ಚು ಮಾಡಿಟ್ಟು, ದಿನವೂ ಅದರೊಳಗೆ ಅದೇ ಜಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಮಲಗಿಸಬೇಕು. ಮೂರನೇ ವಾರಕ್ಕೆ ಮುಖ ಸೊರಗಿ ಅಚ್ಚು ಸಡಿಲವಾದದ್ದು ಮೊದಲು ಗಮನಕ್ಕೆ ಬರುವುದು ಇವರಿಗೇ. ಲ್ಯಾಬಿನವರ ನಿಖರತೆಯೂ ನಮ್ಮವರ ಮಾತುಗಾರಿಕೆಯೂ ಒಟ್ಟಿಗೆ ಇರುವವರು ಅಲ್ಲಿಗೆ ಹೋಗಲಿ. ಒಂದೇ ತೊಂದರೆ, ಆ ಯಂತ್ರ ಇರುವುದು ದೊಡ್ಡ ಊರುಗಳಲ್ಲಿ.

ಕೋರ್ಸಿನ ವಿಚಾರ ಚುಟುಕಾಗಿ. ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿ.ಎಸ್ಸಿ ಇದೆ. ಪಿಯು ವಿಜ್ಞಾನ ಮಾಡಿದವರು ಕೈಲಾದರೆ ಡಿಗ್ರಿಗೇ ಹೋಗಿ. ಎಸ್‌ಎಸ್‌ಎಲ್‌ಸಿ ಮುಗಿಸಿ ಎಕ್ಸ್‌ರೇ ಡಿಪ್ಲೊಮಾ ಸೇರುವ ಮಕ್ಕಳಿಗೆ ಒಂದು ಕಿವಿಮಾತು: 18 ತುಂಬದವರನ್ನು ವಿಕಿರಣದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ತರಬೇತಿಯಲ್ಲಿರುವ 16ರಿಂದ 18ರವರಿಗೆ ವರ್ಷದ ಮಿತಿ 6 ಮಿಲಿಸೀವರ್ಟ್. ಈಗ 2021ರ ಅಲೈಡ್ ಹೆಲ್ತ್ ಕಾಯ್ದೆ ಈ ಎಲ್ಲ ವೃತ್ತಿಗಳನ್ನೂ ನೋಂದಣಿಗೆ ಒಳಪಡಿಸಿದೆ. ಮಾನ್ಯತೆ ಇಲ್ಲದ ‘ಆರು ತಿಂಗಳ’ ಕೋರ್ಸಿನವರ ಕಥೆ ಮುಂದೆ ಕಷ್ಟ. “ಸೇರಿರೋಣ, ಬೇಡವಾದ್ರೆ ಬದಲಾಯಿಸ್ಕೊಂಡ್ರಾಯ್ತು” ಎಂಬ ಮಾತೂ ನಡೆಯುವುದಿಲ್ಲ. ಎಂಎಲ್‌ಟಿಯಿಂದ ಇಮೇಜಿಂಗಿಗೆ ಬರುವವರು ಮೊದಲ ವರ್ಷದಿಂದಲೇ ಶುರು ಮಾಡಬೇಕು.

ಫೀಸು ಕಟ್ಟುವ ಮೊದಲು ಆ ಕಾಲೇಜಿನ ಆಸ್ಪತ್ರೆಗೆ ಬೆಳಿಗ್ಗೆ ಎಂಟಕ್ಕೆ ಹೋಗಿ, ಹೊರಗೆ ಬೆಂಚಿನ ಮೇಲೆ ಕೂತು ನೋಡಿ. ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ ಯಾವುದನ್ನೂ ಕಲಿಯಲಾಗದು. ಲ್ಯಾಬಿನಲ್ಲಿ ಕಂಟ್ರೋಲ್ ಚಾರ್ಟಿನ ಇವತ್ತಿನ ಚುಕ್ಕೆ ಬಿದ್ದಿದೆಯಾ ಕೇಳಿ. ಎಕ್ಸ್‌ರೇಯಲ್ಲಿ ವಿದ್ಯಾರ್ಥಿಗಳ ಎದೆಯ ಮೇಲೆ ಅವರವರ ಹೆಸರಿನ ಟಿಎಲ್‌ಡಿ ಬ್ಯಾಡ್ಜ್ ಇದೆಯಾ ನೋಡಿ. ಬ್ಯಾಡ್ಜುಗಳು ಡ್ರಾಯರಿನಲ್ಲಿ ಬಿದ್ದಿದ್ದರೆ ಅಲ್ಲಿ ಅರ್ಜಿ ತುಂಬಬೇಡಿ.